ವಿಮಾನ ಇಳಿದು ಶಿಫ್ಟ್ ಬಸ್ಸು ಹತ್ತಿದ್ದು

ಕಳೆದ ಬುಧವಾರ ನಾನು ಬೊಂಬಾಯಿಯಿಂದ ಬೆಂಗಳೂರಿಗೆ ಒಂದೂವರೆ ಗಂಟೆಯಲ್ಲಿ ಬಂದೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಸಿಟಿ ತಲುಪಲು ಎರಡೂವರೆ ಗಂಟೆ ಹಿಡಿಯಿತು.

(ಈಗಲೇ ನಗಬೇಡಿ. ಪೂರ್ತಿ ಓದಿ, ಆಮೇಲೆ ನಗಿ.)

ಪ್ರತಿ ವಾರ ನಾನು ಈ ಅಂಕಣದಲ್ಲಿ ಬರೆಯುವುದು ನನ್ನ ಮೊಮ್ಮಕ್ಕಳಾದ ಪದ್ದು ಮತ್ತು ಮಂಜುವಿಗಾಗಿ. ದೊಡ್ಡವರು ಹಿಂದೆ ನಿಂತು ಕದ್ದು ಓದಿದರೆ ಅಡ್ಡಿಯಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳು ಎಂದರೆ ಮಾತ್ರ ನನ್ನಿಂದಾಗದು. ನಾಲ್ಕು ಜನರ ಮುಂದೆ ನನಗೆ ನನ್ನ ಹೆಸರೂ ಬಾಯಿಗೆ ಬರುವುದಿಲ್ಲ.

ನನ್ನಂಥವಳು ವಿಮಾನ ಹತ್ತಿದ್ದು ಮಳೆಯ ದೆಸೆಯಿಂದ. ಬೊಂಬಾಯಿಯಲ್ಲಿ ನಿಮ್ಮ ಮಾವ ನಾಗರಾಜನ ಮನೆಯಲ್ಲಿ ಒಂದು ತಿಂಗಳಿದ್ದು ಹೊರಟರೆ, ಎಲ್ಲೋ ಹಳಿ ಕೊಚ್ಚಿಹೋಗಿ ರೈಲು ನಿಂತಿತ್ತು. ಪದ್ದು, ನಿನ್ನ ಹುಟ್ಟುಹಬ್ಬಕ್ಕೆ ಬಂದೇ ಬರುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ನಾಗರಾಜ ವಿಮಾನದ ಟಿಕೆಟ್ ತಂದುಬಿಟ್ಟ.

ನಿಮ್ಮಮ್ಮ ಗಿರಿಜಾ ರಜೆ ಹಾಕಿ ವಿಮಾನ ನಿಲ್ದಾಣಕ್ಕೇ ಬರುತ್ತೇನೆ ಎಂದಳು. ನಾನು ಬೇಡವೆಂದೆ. ನಿಮ್ಮ ತಾತ ಹೋದ ಮೇಲೆ ಆರು ವರ್ಷ ನಾನು ಒಬ್ಬಳೇ ನಮ್ಮ ದಾಸರಹಳ್ಳಿ ದಾಟಿದವಳಲ್ಲ. ಯಾರಿಗಾದರೂ ರಜೆ ಸಿಗಬೇಕು, ಯಾರಾದರೂ ಜೊತೆಗೆ ಬರಬೇಕು. ನಾನೇನು ಗಾಜಿನ ಲೋಟವೇ, ಹುಲ್ಲು ಸುತ್ತಿ ಕಳಿಸುವುದಕ್ಕೆ? ಈ ಒಂದು ಸಲ ಒಬ್ಬಳೇ ಸರಿಯಾಗಿ ಬಂದು ತೋರಿಸಿದರೆ ಮುಂದೆ ಯಾರ ರಜೆಗೂ ಕಾಯಬೇಕಾಗಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಎಡವಟ್ಟಾಯಿತೋ, ಮತ್ತೆ ಜಗಲಿಯೇ ಗತಿ.

ನಾಗರಾಜ ಚೀಟಿ ಬರೆದುಕೊಟ್ಟಿದ್ದ. ವಿಮಾನ ಇಳಿದು ಹೊರಗೆ ಬಂದರೆ ವಿಮಾನದವರದೇ ಬಸ್ಸು ನಿಂತಿರುತ್ತದೆ, ಹತ್ತಿ ಕೂತುಕೋ. ಮೆಜೆಸ್ಟಿಕ್ಕಿನ ಕೆಂಪೇಗೌಡ ರಸ್ತೆಯಲ್ಲಿರುವ ಅವರ ಆಫೀಸಿನ ಮುಂದೆ ಅದು ನಿಲ್ಲುತ್ತದೆ. ಅಲ್ಲಿ ಗಿರಿಜಾ ಕಾಯುತ್ತಿರುತ್ತಾಳೆ.

ಇದಕ್ಕಿಂತ ಸುಲಭವಾಗಿ ಯಾರು ಹೇಳಬಲ್ಲರು?

ವಿಮಾನದಲ್ಲಿ ಕಿವಿಗೆ ಹತ್ತಿ ಕೊಟ್ಟರು, ಬಾಯಿಗೆ ಪೆಪ್ಪರ್‌ಮಿಂಟ್ ಕೊಟ್ಟರು. ಹತ್ತಿ ನಾನು ಇಟ್ಟುಕೊಂಡೆ, ಪೆಪ್ಪರ್‌ಮಿಂಟ್ ಸೆರಗಿನ ತುದಿಗೆ ಕಟ್ಟಿಕೊಂಡೆ. (ನಿಮಗೆ ಸಿಕ್ಕಿತಲ್ಲ, ಅದೇ.) ಮೂರು ಗಂಟೆಗೆ ರೆಕ್ಸಿನ್ ಬ್ಯಾಗು, ಹಪ್ಪಳದ ಡಬ್ಬಿ ಹಿಡಿದು ಹೊರಗೆ ಬಂದೆ. ಚೀಟಿಯಲ್ಲಿದ್ದಂತೆಯೇ ಬಸ್ಸು ನಿಂತಿತ್ತು.

ಹತ್ತಬೇಕು ಎನ್ನುವಷ್ಟರಲ್ಲಿ, ವಿಮಾನದಲ್ಲಿ ನನಗೆ ಪೆಪ್ಪರ್‌ಮಿಂಟ್ ಕೊಟ್ಟ ಹುಡುಗಿಯರಿಬ್ಬರು ಅದೇ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ಅವರ ಹಿಂದೆ ಯೂನಿಫಾರ್ಮ್ ಹಾಕಿದ ಇನ್ನೊಬ್ಬ. ಬಾಗಿಲಲ್ಲಿ ಖಾಕಿಯವನು ಒಬ್ಬೊಬ್ಬರ ಕೈಯಲ್ಲಿದ್ದ ಕಾಗದ ನೋಡಿ ಒಳಗೆ ಬಿಡುತ್ತಿದ್ದ.

ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು.

ಯಾಕೆಂದು ನಿಮಗೆ ತಿಳಿಯಬೇಕಾದರೆ ನಿಮ್ಮ ತಾತನ ಕಾಲದ ಒಂದು ಮಾತು ಹೇಳಬೇಕು. ಅವರು ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಶಿಫ್ಟ್ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತಿತ್ತು. ಪಾಸು ಇದ್ದವರು ಮಾತ್ರ ಹತ್ತಬೇಕು, ಮನೆಯವರು ಹತ್ತುವಂತಿಲ್ಲ. ಒಂದು ದಿನ ಗಿರಿಜಾಗೆ ಜ್ವರ. ಮಗುವನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೊರಟವಳು ಆ ಬಸ್ಸು ಹತ್ತಿಬಿಟ್ಟೆ. ಯಾರೋ ಹೋಗಿ ಹೇಳಿದರು. ಮಾರನೇ ದಿನ ನಿಮ್ಮ ತಾತನಿಗೆ ಕಾರಣ ಕೇಳಿ ಮೆಮೊ ಬಂತು.

ಅವರು ಬೈಯಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು.

"ಸಾವಿತ್ರಿ, ಆ ಬಸ್ಸು ನಮ್ಮದಲ್ಲ ಕಣೇ."

ಅಷ್ಟೇ. ಅಲ್ಲಿಂದಾಚೆಗೆ ಬಸ್ಸು ಅರ್ಧ ಖಾಲಿ ಹೋಗುತ್ತಿದ್ದರೂ ನಾನು ಸೊಪ್ಪಿನ ಚೀಲ ಹೊತ್ತು ತುಮಕೂರು ರಸ್ತೆಯವರೆಗೆ ನಡೆದೇ ಹೋಗುತ್ತಿದ್ದೆ. ಯೂನಿಫಾರ್ಮಿನವರು ಕೂತ ಬಸ್ಸು ಕಂಡರೆ ಪಕ್ಕಕ್ಕೆ ಸರಿಯುವುದು ನನಗೆ ಉಸಿರಾಟದಷ್ಟು ಅಭ್ಯಾಸ.

ಖಾಕಿಯವನು ನನ್ನ ಕಡೆ ನೋಡಿ, ಸಿಟಿಗೆ ತಾನೇ, ಹತ್ತಿ ಎಂದ. ಮೂರು ಸಲ ಕರೆದ. ಪಾಪ, ಗೊತ್ತಿಲ್ಲದೆ ಕರೆಯುತ್ತಿದ್ದಾನೆ, ಆಮೇಲೆ ಅವನಿಗೇ ಮೆಮೊ ಬಂದೀತು ಎಂದು ನಾನು ತಲೆಯಾಡಿಸಿ ಕಂಬದ ಹಿಂದೆ ನಿಂತೆ. ಬಸ್ಸು ಹೊರಟುಹೋಯಿತು. ಅದು ಕೆಲಸದವರ ಬಸ್ಸು, ಪ್ರಯಾಣಿಕರದು ಬೇರೆ ಬರುತ್ತದೆಂದು ಕಾದೆ. ಮುಕ್ಕಾಲು ಗಂಟೆ ಕಾದೆ. ಕೊನೆಗೆ ಕಸ ಗುಡಿಸುತ್ತಿದ್ದ ಹೆಂಗಸನ್ನು ಮೆಲ್ಲಗೆ ಕೇಳಿದೆ.

"ಅದೇ ಅಲ್ವೇನಕ್ಕಾ ಓಯ್ತಲ್ಲ, ಅದೇಯ," ಎಂದಳು. "ಇನ್ನು ಸಂಜೆ ಇಮಾನ ಬಂದ್ರೇನೆ."

ಬೆಂಗಳೂರಿನಲ್ಲಿ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ. ಆದರೂ ಆ ಗಳಿಗೆ ನನಗಿಂತ ದೊಡ್ಡ ಪರಸ್ಥಳದವಳು ಆ ನಿಲ್ದಾಣದಲ್ಲಿ ಇರಲಿಲ್ಲ. ಟ್ಯಾಕ್ಸಿಯವರು ಬಂದು ಮುತ್ತಿದರು. ಒಬ್ಬ ಹಪ್ಪಳದ ಡಬ್ಬಿಗೇ ಕೈ ಹಾಕಿದ. ಗಂಡಸರು ಐದಾರು ಜನ ಒಟ್ಟಿಗೆ ಕೇಳಿದರೆ ನಾನೇನು ಉತ್ತರ ಕೊಟ್ಟೇನು? ಡಬ್ಬಿ ಕಿತ್ತುಕೊಂಡು ಗೇಟಿನ ಆಚೆ ರಸ್ತೆಗೆ ನಡೆದೆ.

ರಸ್ತೆಯಲ್ಲಿ ಬಿಸಿಲು. ಬರುವ ಸಿಟಿ ಬಸ್ಸುಗಳೆಲ್ಲ ತುಂಬಿ ವಾಲಿಕೊಂಡು ಬಂದು, ನಿಲ್ಲಿಸದೆ ಹೋಗುತ್ತಿದ್ದವು. ಅಲ್ಲಿ ನಾನಿಲ್ಲದ ಬಸ್ಸು ನೋಡಿ ಗಿರಿಜಾಗೆ ಏನಾಗಿರಬೇಡ? ನನ್ನ ಪರೀಕ್ಷೆ ಮುಗಿದಂತೆಯೇ ಎಂದುಕೊಂಡೆ.

ಆಗ ಸೈರನ್ ಕೂಗಿತು.

ಹತ್ತಿರದ ಯಾವುದೋ ಕಾರ್ಖಾನೆಯದು. ನಗಬೇಡಿ ಮಕ್ಕಳೇ, ಆ ಸದ್ದು ಕೇಳಿ ನನಗೆ ಜೀವ ಬಂದಂತಾಯಿತು. ಅಷ್ಟು ಹೊತ್ತಿನಲ್ಲಿ ನನಗೆ ಅರ್ಥವಾದ ಮೊದಲ ಮಾತು ಅದು: ಶಿಫ್ಟ್ ಬಿಟ್ಟಿತು. ಹತ್ತು ನಿಮಿಷಕ್ಕೆ ಬಸ್ಸುಗಳು ಸಾಲಾಗಿ ಬಂದವು. ಕಿಟಕಿಗಳಲ್ಲಿ ಟಿಫಿನ್ ಕ್ಯಾರಿಯರ್, ಎಣ್ಣೆ ಕಲೆಯ ಅಂಗಿ, ಅರ್ಧ ನಿದ್ದೆಯ ಮುಖಗಳು. ಎಲ್ಲಾ ನಮ್ಮ ಬೀದಿಯವರೇ ಎನ್ನುವ ಹಾಗೆ.

ಒಂದು ಬಸ್ಸು ರಸ್ತೆಯ ತಿರುವಿಗೆ ನಿಧಾನವಾಯಿತು. ಕಿಟಕಿಯಿಂದ ಒಬ್ಬ ದಪ್ಪ ಮೀಸೆಯವರು ಬಗ್ಗಿ, ಎಲ್ಲಿಗೆ ಹೋಗಬೇಕೆಂದು ಕೇಳಿದರು. ನಾನು ಮೆಜೆಸ್ಟಿಕ್ ಎಂದೆ. ಅವರು ಡ್ರೈವರಿಗೆ ಕೂಗಿ ಬಸ್ಸು ನಿಲ್ಲಿಸಿಯೇಬಿಟ್ಟರು.

"ಹತ್ತಿ ಅಮ್ಮಾ."

"ನನ್ನ ಹತ್ರ ಪಾಸಿಲ್ಲ," ಎಂದೆ.

"ಪರವಾಗಿಲ್ಲ ಹತ್ತಿ, ಹಿಂದೆ ಗಾಡಿಗಳು ನಿಂತವೆ."

"ಬೇಡಪ್ಪ. ಮನೆಯವರಿಗೆ ಮೆಮೊ ಬರತ್ತೆ."

ಬಸ್ಸಿನೊಳಗೆ ನಗು ಎದ್ದಿತು. ಅಕ್ಕನೋರಿಗೆ ರೂಲ್ಸ್ ಗೊತ್ತು ಕಣ್ರೋ ಎಂದು ಹಿಂದಿನಿಂದ ಯಾರೋ ಅಂದರು. ಮೀಸೆಯವರು, ನಿಮ್ಮ ಯಜಮಾನರು ಯಾವ ಡಿಪಾರ್ಟ್‌ಮೆಂಟು ಎಂದು ಕೇಳಿದರು.

"ಅವರು ಹೋಗಿ ಆರು ವರ್ಷ ಆಯ್ತು," ಎಂದೆ.

ನಗು ನಿಂತಿತು. ಮೀಸೆಯವರು ಕಿಟಕಿಯಿಂದ ಕೈ ಚಾಚಿದರು. ಆಮೇಲೆ ಮೆತ್ತಗೆ ಹೇಳಿದರು.

"ಅಲ್ಲೀವರ್ಗೂ ಹೋಗಿ ಮೆಮೊ ಕೊಡೋ ಆಫೀಸರ್ ಇನ್ನೂ ಹುಟ್ಟಿಲ್ಲಮ್ಮ. ಬ್ಯಾಗ್ ಕೊಡಿ ಇತ್ಲಾಗೆ."

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಹತ್ತಿದೆ.

ಮೊದಲು ಸೀಟಿನ ತುದಿಯಲ್ಲಿ ಕೂತಿದ್ದೆ, ಯಾರಾದರೂ ಏಳಿಸಿದರೆ ಏಳಲು ಸುಲಭವಾಗಲಿ ಎಂದು. ಹಲಸೂರು ಬರುವಷ್ಟರಲ್ಲಿ ಬೆನ್ನು ಒರಗಿಸಿದೆ. ಮೀಸೆಯವರು ನಮ್ಮ ಪೀಣ್ಯದ ಪಕ್ಕದ ಲಗ್ಗೆರೆಯವರಂತೆ, ನಿಮ್ಮ ತಾತನ ಕಾರ್ಖಾನೆಯಲ್ಲಿ ಅವರ ಷಡ್ಡಕ ಇದ್ದಾನಂತೆ. ಹಿಂದಿನ ಸೀಟಿನವರು ವಿಮಾನ ಒಳಗೆ ಹೇಗಿರುತ್ತದೆ ಎಂದು ಕೇಳಿದರು. ನೋಡಿ ವಿಚಿತ್ರ! ದಿನವೂ ತಮ್ಮ ಕಾರ್ಖಾನೆಯಲ್ಲಿ ವಿಮಾನದ ಭಾಗ ಮಾಡುವವರು, ಒಬ್ಬರೂ ವಿಮಾನ ಹತ್ತಿರಲಿಲ್ಲ. ನಾನು, ನಾಲ್ಕು ಜನರ ಮುಂದೆ ಹೆಸರು ಹೇಳಲಾಗದವಳು, ಬಸ್ಸಿಗೆ ಬಸ್ಸೇ ಕೇಳುವಂತೆ ಹತ್ತಿಯ ವಿಷಯ, ಪೆಪ್ಪರ್‌ಮಿಂಟಿನ ವಿಷಯ, ಮೋಡದ ವಿಷಯ ಎಲ್ಲವನ್ನೂ ಹೇಳಿದೆ.

ಐದೂವರೆಗೆ ಕೆಂಪೇಗೌಡ ರಸ್ತೆ. ಆಫೀಸಿನ ಮುಂದೆಯೇ ಬಸ್ಸು ನಿಲ್ಲಿಸಿದರು. ಗಿರಿಜಾ ಫುಟ್‌ಪಾತಿನ ಮೇಲೆ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು. ಬೊಂಬಾಯಿಗೆ ಟ್ರಂಕ್ ಕಾಲ್ ಕೂಡ ಹಾಕಿ ಆಗಿತ್ತು. ಅವಳ ಕಣ್ಣೆದುರಿಗೆ ಅವಳಮ್ಮ ಕಾರ್ಖಾನೆಯ ಬಸ್ಸಿನಿಂದ ಇಳಿದಳು. ಬ್ಯಾಗನ್ನು ಒಬ್ಬರು ಇಳಿಸಿದರು, ಡಬ್ಬಿಯನ್ನು ಇನ್ನೊಬ್ಬರು. ಹೋಗಿಬರುತ್ತೇವೆ ಅಮ್ಮ ಎಂದು ಕಿಟಕಿಗಳಿಂದ ಕೈಗಳು ಆಡಿದವು.

ನಿಮ್ಮಮ್ಮ ನನ್ನನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ತೀರ್ಪು ಕೊಟ್ಟಳು.

"ಇನ್ಮೇಲೆ ನಿನ್ನ ಒಬ್ಬಳನ್ನೇ ಎಲ್ಲಿಗೂ ಕಳಿಸಲ್ಲ."

ನನಗೆ ಉತ್ತರ ಹೊಳೆಯುವುದು ಯಾವಾಗಲೂ ಮನೆಗೆ ಬಂದು ಕಾಲು ತೊಳೆದ ಮೇಲೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಪದ್ದು, ಇದನ್ನು ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳು:

ಒಂದು ಬಸ್ಸು ಜನ ಕರೆತಂದು ಬಾಗಿಲಿಗೆ ಇಳಿಸಿಹೋದವಳನ್ನು ಒಬ್ಬಳೇ ಬಂದಳು ಎನ್ನುವುದು ಯಾವೂರ ನ್ಯಾಯ?