ಕೈಗೆ ಮೈಲಿಗೆ ತಾರದ ಪುಸ್ತಕ

ಮೀನಿಗೆ ಉಪ್ಪು ಹಾಕಿ ಬದುಕುವ ಮಗ್ದಲದಂಥ ಊರಲ್ಲಿ ಮೀನಿನ ನಾತಕ್ಕೆ ವಾಕರಿಸುವವನು ಹುಟ್ಟಬಾರದು. ಯೋಏಜರ್ ಹುಟ್ಟಿಬಿಟ್ಟಿದ್ದ. ಸರೋವರದ ದಂಡೆಯ ತೊಟ್ಟಿಗಳಲ್ಲಿ ಮೀನಿನ ಕರುಳು ಬಿಸಿಲಿಗೆ ಕೊಳೆತು ರಸವಾಗುತ್ತಿತ್ತು. ಆ ರಸವನ್ನು ರೋಮಿನ ದೊಡ್ಡ ಮನುಷ್ಯರು ಬೆರಳು ಚೀಪಿಕೊಂಡು ತಿನ್ನುತ್ತಾರಂತೆ. ಥೂ, ಅವರ ನಾಲಿಗೆಗಿಷ್ಟು! ಯೋಏಜರ್ ಅಂಗಿಯ ಅಂಚಿನಿಂದ ಮೂಗು ಮುಚ್ಚಿಕೊಂಡೇ ಅರವತ್ತು ವರ್ಷ ಕಳೆದ.

ಊರ ಪ್ರಾರ್ಥನಾ ಮಂದಿರ ನೋಡಿಕೊಳ್ಳುವುದು ಅವನ ಕೆಲಸ. ಚರ್ಮದ ಮೇಲೆ ಬರೆದ ಗ್ರಂಥದ ಸುರುಳಿಗಳ ಪೆಟ್ಟಿಗೆಯ ಬೀಗದಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಮೀನು ಬಿಟ್ಟರೆ ಅವನಿಗೆ ಹೇಸಿಗೆಯೆಂದರೆ ಇಲಿ. ಹಿಂದೆ ಯಾರೋ ಪುಣ್ಯಾತ್ಮರು, ಎರಡೂ ಪವಿತ್ರವಲ್ಲವೇ, ಜೊತೆಗಿರಲಿ ಎಂದು ದೇವರಿಗೆ ಮೀಸಲಿಟ್ಟ ಧಾನ್ಯವನ್ನು ಸುರುಳಿಗಳ ಪಕ್ಕದಲ್ಲೇ ಇಟ್ಟರಂತೆ. ಇಲಿಗಳಿಗೆ ಹಬ್ಬವೋ ಹಬ್ಬ. ಧಾನ್ಯದ ಜೊತೆ ಸುರುಳಿಯ ಚರ್ಮವನ್ನೂ ಕಡಿದು ಹಾಕಿದವು. ತಿನ್ನುವ ವಸ್ತು ಇನ್ನು ಸುರುಳಿಯ ಹತ್ತಿರ ಸುಳಿಯದಿರಲಿ ಎಂದು ಆಗ ಹಿರಿಯರು ಒಂದು ಕಟ್ಟಳೆ ಮಾಡಿದರು: ದೇವರ ಗ್ರಂಥ ಮುಟ್ಟಿದರೆ ಕೈಗೆ ಮೈಲಿಗೆ, ತೊಳೆಯದೆ ಅನ್ನಾಹಾರ ಮುಟ್ಟಬಾರದು. ಬರಬರುತ್ತ ಅದೇ ಅಳತೆಗೋಲಾಯಿತು. ಮುಟ್ಟಿ ಕೈ ತೊಳೆಯಬೇಕಾದ್ದು ದೇವರ ಪುಸ್ತಕ, ತೊಳೆಯಬೇಕಿಲ್ಲದ್ದು ಬರೀ ಚರ್ಮ.

ಪೆಟ್ಟಿಗೆಯಲ್ಲಿದ್ದ ಒಂದು ಸುರುಳಿ ಧರ್ಮಶಾಸ್ತ್ರವೂ ಅಲ್ಲ, ಪ್ರವಾದಿಗಳದ್ದೂ ಅಲ್ಲ. ಯಾರೋ ಹಳೇ ಕಾಲದ ಮೇಷ್ಟ್ರು ಬರೆದಿಟ್ಟ ಬುದ್ಧಿಮಾತು: ಪರರ ಪಂಕ್ತಿಯಲ್ಲಿ ಹೇಗೆ ಕೂರಬೇಕು, ಗೆಳೆಯನನ್ನು ಹೇಗೆ ಆರಿಸಬೇಕು, ಸತ್ತವರಿಗಾಗಿ ಎಷ್ಟು ದಿನ ಅಳಬೇಕು. ಜೆರುಸಲೇಮು ಉರಿಯುವಾಗ ಯೋಏಜರನ ಅಜ್ಜಿ ಅದನ್ನು ಎದೆಗೆ ಕಟ್ಟಿಕೊಂಡು ಓಡಿಬಂದಿದ್ದಳು. ಹೆಂಡತಿ ಸತ್ತಾಗ ಊರವರ ಸಮಾಧಾನದ ಮಾತು ಕೇಳಿ ಯೋಏಜರನಿಗೆ ಮೈಯೆಲ್ಲ ಉರಿದಿತ್ತು. ಆ ಸುರುಳಿಯ ನಾಲ್ಕು ಸಾಲು ಮಾತ್ರ ಅವನನ್ನು ಉಳಿಸಿದ್ದವು. ಅದನ್ನು ಓದಿ ಮುಚ್ಚಿದಾಗಲೆಲ್ಲ ಕೈ ತೊಳೆಯುತ್ತಿದ್ದ, ಮೂವತ್ತು ವರ್ಷ.

ಒಂದು ದಿನ ಹಿರಿಯರ ಸಭೆಯಿಂದ ಓಲೆ ಬಂತು. ಆ ಬುದ್ಧಿಮಾತಿನ ಪುಸ್ತಕ ಕೈಗೆ ಮೈಲಿಗೆ ತರುವುದಿಲ್ಲ, ಪೆಟ್ಟಿಗೆಯಿಂದ ತೆಗೆಯಿರಿ.

ಓಲೆಯನ್ನು ಗುಮಾಸ್ತನ ಕೈಲಿ ಓದಿಸಿದವನು ಪಪ್ಪೋಸ್. ತೊಟ್ಟಿಗಳ ಯಜಮಾನ, ಮಂದಿರಕ್ಕೂ ಅವನೇ ಮುಖ್ಯಸ್ಥ. ಅವನು ಸುರುಳಿಯ ಅಂಚನ್ನು ಜಿಡ್ಡುಬೆರಳಲ್ಲಿ ಹಿಸುಕಿ ನೋಡಿದ.

"ಒಳ್ಳೇ ದಪ್ಪ ಚರ್ಮ ಕಣಯ್ಯಾ. ನಮ್ಮ ಮೀನುರಸದ ಜಾಡಿ ಬಾಯಿ ಕಟ್ಟೋಕೆ ಲಾಯಕ್ಕು. ಕೊಟ್ಬಿಡು."

"ನಮ್ಮಜ್ಜಿದು ಅದು. ಪೆಟ್ಟಿಗೆಯಿಂದ ತೆಗೀತೀನಿ. ನಿಮ್ಮ ಜಾಡಿಗೆ ಕೊಡಲ್ಲ."

ಸುರುಳಿಯನ್ನು ಮನೆಗೊಯ್ದ. ಅಭ್ಯಾಸಬಲ, ಕೈ ತೊಳೆದೇ ಊಟಕ್ಕೆ ಕೂತ. ಯಾರೋ ನೋಡಿ ಪಪ್ಪೋಸನ ಕಿವಿಗೆ ಹಾಕಿದರು.

ಸುದ್ದಿ ತಂದವಳು ತಂಗಿ ಶಪ್ಪೀರಾ. ಪಪ್ಪೋಸನ ತೊಟ್ಟಿಯಲ್ಲಿ ಮೀನು ಸೀಳುವ ವಿಧವೆ. ಅವಳು ಆ ಕೂಲಿಗೆ ಹೋದಂದಿನಿಂದ ಇವನು ಅವಳ ಮನೆಯಲ್ಲಿ ನೀರೂ ಮುಟ್ಟಿರಲಿಲ್ಲ.

"ನಾಳೆ ಉಪವಾಸ ಬಿಡೋ ಹೊತ್ತಿಗೆ ಎಲ್ಲರ ಮುಂದೆ ನಿನ್ನ ಪರೀಕ್ಷೆ ಅಂತೆ. ಪುಸ್ತಕ ಮುಟ್ಟಿ, ಕೈ ತೊಳೀದೆ ತಿನ್ಬೇಕಂತೆ. ತೊಳೆದ್ಯೋ, ಸಭೆ ಮಾತು ಮೀರ್ದೆ ಅಂತ ಬೀಗದಕೈನೂ ಕಿತ್ಕೋತಾರೆ, ಪುಸ್ತಕಾನೂ."

"ತೊಳೀದೆ ತಿಂದರೆ?" ಎಂದ ಯೋಏಜರ್. "ಅದು ಬರೀ ಚರ್ಮ ಅಂತ ನನ್ನ ಕೈಯಿಂದ್ಲೇ ಸಾರಿದ ಹಾಗಾಯ್ತಲ್ಲೇ."

ಮರುದಿನ ಜೆರುಸಲೇಮಿನ ದೇವಾಲಯ ಸುಟ್ಟುಹೋದ ದಿನದ ಉಪವಾಸ. ಸೂರ್ಯ ಮುಳುಗುತ್ತಲೇ ಪಪ್ಪೋಸನ ಅಂಗಳದಲ್ಲಿ ಊರೇ ಸೇರಿತು. ಆಗಲೇ ಬಾಯಿ ತುಂಬಿಕೊಂಡಿದ್ದ ಪಪ್ಪೋಸನ ಗಡ್ಡದಲ್ಲಿ ಮೀನುರಸ ಇಳಿಯುತ್ತಿತ್ತು. ಅದನ್ನೂ ಬೆರಳಿಂದ ಬಳಿದು ನೆಕ್ಕಿ ತೇಗಿದ. ಇಂಥವನು ಪವಿತ್ರ ಯಾವುದು ಅಲ್ಲ ಯಾವುದು ಎಂದು ಹೇಳಬೇಕು!

"ಸುರುಳಿ ಹಿಡ್ಕೋ. ಹಾಂ. ಈಗ ರೊಟ್ಟಿ ತಿನ್ನು. ತಿನ್ನದೆ ಎದ್ದುಹೋದ್ರೂ ಹಠ ಅಂತ್ಲೇ ನಾವು ತಿಳ್ಕೋಳ್ಳೋದು."

ಯೋಏಜರ್ ಸುರುಳಿಯನ್ನು ಎರಡೂ ಕೈಯಲ್ಲಿ ತಬ್ಬಿ ಕೂತ. ಮುಂದೆ ರೊಟ್ಟಿ, ಬೇಳೆ. ಅತ್ತ ದರಿ, ಇತ್ತ ಪುಲಿ. ಕೈ ಏಳಲೇ ಇಲ್ಲ. ಜನ ಕಿಸಿಕಿಸಿ ನಗತೊಡಗಿದರು.

ಹೆಂಗಸರ ಸಾಲಿನಿಂದ ಶಪ್ಪೀರಾ ಎದ್ದು ಬಂದು ಅವನೆದುರು ಕುಕ್ಕರಿಸಿದಳು. ರೊಟ್ಟಿ ಮುರಿದು ಬೇಳೆಗೆ ಅದ್ದಿದಳು. ಎಷ್ಟು ತೊಳೆದರೂ ಹೋಗದ ಮೀನಿನ ಪೊರೆ ಅವಳ ಉಗುರುಗಳ ಸಂದಿಯಲ್ಲಿ ಮಿನುಗುತ್ತಿತ್ತು.

"ಕೈ ಬಿಡಬೇಡ ಅಣ್ಣ. ಬಾಯಿ ತೆಗಿ."

"ಏಯ್, ಏನೇ ಇದು?" ಪಪ್ಪೋಸ್ ಗದರಿದ.

"ಯಾಕೆ ಯಜಮಾನ್ರೇ? ಪುಸ್ತಕ ಮುಟ್ಟಿದಾನೆ, ನೀರು ಮುಟ್ಟಿಲ್ಲ, ರೊಟ್ಟಿ ತಿಂತಾನೆ. ತನ್ನ ಕೈಯಿಂದ್ಲೇ ತಿನ್ಬೇಕು ಅಂತ ಓಲೇಲಿ ಎಲ್ಲಿ ಬರ್ದಿದೆ, ತೋರ್ಸಿ."

ಪಪ್ಪೋಸ್ ಓಲೆ ಓದಿದ್ದ ಗುಮಾಸ್ತನ ಮುಖ ನೋಡಿದ. ಅವನು ತಲೆ ಕೆರೆದುಕೊಂಡ.

ತುತ್ತು ಮೂಗಿನ ಹತ್ತಿರ ಬಂತು. ಉಪ್ಪು, ಕರುಳು, ಕೊಳೆತ ನೀರು, ಹುಟ್ಟಿದಾಗಿನಿಂದ ಓಡಿಹೋಗುತ್ತಿದ್ದ ನಾತವೆಲ್ಲ ಆ ಐದು ಬೆರಳಲ್ಲಿತ್ತು. ಯೋಏಜರ್ ಕಣ್ಣು ಮುಚ್ಚಿ ಬಾಯಿ ತೆರೆದ. ಗಂಟಲು ಒಮ್ಮೆ ಉಬ್ಬಿತು. ಕಾರಿಬಿಡುತ್ತಾನೆ ಎಂದು ಪಕ್ಕದವರು ಸರಿದರು. ಅವನು ರೊಟ್ಟಿ ಮುಟ್ಟದ ಎರಡೂ ಕೈಯಲ್ಲಿ ಸುರುಳಿಯನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡು ಗುಳುಕ್ಕನೆ ನುಂಗಿದ. ಕಣ್ಣಲ್ಲಿ ನೀರು ಬಂತು.

"ಥೂ, ಎಂಥಾ ನಾತಾನೇ ನಿನ್ ಕೈದು," ಎಂದ. "ಇನ್ನೊಂದು ತುತ್ತು ಹಾಕು."