ಭಾವನ ನೊಣದ ಗಾಳ

ಮುಂಬಯಿಯಿಂದ ಬಂದ ಭಾವ, ಅಕ್ಕನ ಗಂಡ, ಪುಕ್ಕ ಸುತ್ತಿದ ಗಾಳ ತಂದಿದ್ದರು. ಮೀನು ಅದನ್ನು ನೊಣವೆಂದು ನಂಬಬೇಕಂತೆ. ಮನೆಯ ಗಂಡಸರು ಮೀನಿಗೆ ಹೊರಟರೆ ಅಮ್ಮ ಮಸಾಲೆ ಅರೆಯಲು ಕೂರುವುದು ನಮ್ಮಲ್ಲಿ ರೂಢಿ. ಅಂದೂ ಕೂತಳು.

ಹಾಲಾಡಿಯಾಚೆ ಗುಡ್ಡದ ಮೇಲಿನ ಕೆರೆಯಲ್ಲಿ ಭಾವ ಚಾಟಿ ಬೀಸಿದಂತೆ ಗಾಳ ಬೀಸಿದರು. ಹೆಚ್ಚಾಗಿ ಸಿಕ್ಕಿದ್ದು ನನ್ನ ಅಂಗಿ. ಕಡೆಗೂ ಒಂದು ದಡ್ಡ ಮೀನು ಮೋಸಹೋಯಿತು. ಅದನ್ನು ಕೂಸಿನಂತೆ ಎತ್ತಿ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಟ್ಟರು. "ಇದು ಕ್ರೀಡೆ" ಎಂದರು.

ಮೀನು ಮಾರಿಯೇ ನಮ್ಮನ್ನು ಸಾಕಿದ ಅಮ್ಮನಿಗೂ ಫೋಟೊ ತೋರಿಸಿ ಅದನ್ನೇ ಹೇಳಿದರು. ಅಮ್ಮ ಅನ್ನಕ್ಕೆ ಮೀನಿಲ್ಲದ ಮೀನುಸಾರು ಬಡಿಸಿ, ಅವರ ಮೊಬೈಲನ್ನು ಬಟ್ಟಲ ಪಕ್ಕ ಇಟ್ಟಳು.

"ಮೀನ್ ಇದ್ರೊಳ್ಗೇ ಇತ್ತಲೆ. ಕಂಡ್ಕಂಡ್ ಉಣ್ಣಿ."