ಲೆಕ್ಕಕ್ಕೆ ಬಾರದ ಮೂಲೆ

ನಿಮ್ಮ ಮುಂದೆ ಮುಚ್ಚುಮರೆ ಏಕೆ? ನನಗೆ ದಣಿವಾಗಿದೆ. ಒಂದು ರಾತ್ರಿ ಮಲಗಿ ಎದ್ದರೆ ಹೋಗುವ ದಣಿವಲ್ಲ ಇದು. ಧಾರವಾಡದ ಒಂದು ಕಾಲೇಜಿನ ಮಾಳಿಗೆಯ ಕೋಣೆಯಲ್ಲಿ, ಹತ್ತೊಂಬತ್ತು ವರ್ಷ ಒಂದೇ ಹಲಗೆಯ ಮುಂದೆ ನಿಂತು, ಇಂಟರ್ ತರಗತಿಗೆ ಕ್ಯಾಲ್ಕ್ಯುಲಸ್ಸಿನ ಅವೇ ನಾಲ್ಕು ನಿಯಮಗಳನ್ನು ಹೇಳಿದ ದಣಿವು. ನನ್ನ ಕರಿ ಕೋಟು ಹಲಗೆಗೆ ಬರೆಯುವ ಖಡುವಿನ ಪುಡಿ ಕುಡಿದು ಬೂದಿ ಬಣ್ಣಕ್ಕೆ ಬಂದಿದೆ. ಹುಡುಗರು ಮಾತ್ರ ಪ್ರತಿವರ್ಷ ಹೊಸಬರು ಬರುತ್ತಾರೆ, ಬಂದು ಹಳೆಯ ತಪ್ಪನ್ನೇ ಮಾಡುತ್ತಾರೆ.

ಗಾಬರಿಯಾಗಬೇಡಿ, ನಿಮಗೆ ಪಾಠ ಹೇಳುವುದಿಲ್ಲ. ಹೇಳಿದರೂ ನಾಲ್ಕೇ ಮಾತು. ಡೆರಿವೇಟಿವ್ ಅಂದರೆ ಒಂದು ವಸ್ತು ಎಷ್ಟು ಲಗೂನೆ, ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬ ವಿಚಾರಣೆ, ಅಷ್ಟೇ. ಬದಲಾಗದೆ ಕೂತದ್ದಕ್ಕೆ ಸೊನ್ನೆ. ಇದನ್ನು ಹೇಳುವಾಗಲೆಲ್ಲ ನನ್ನ ಜಾತಕವನ್ನೇ ಓದಿದ ಹಾಗಾಗುತ್ತದೆ. ಎಕ್ಸಿನ ತಲೆಯ ಮೇಲೆ ಅಂಕಿ ಕೂತಿದ್ದರೆ ಅದನ್ನು ಇಳಿಸಿ ಮುಂದೆ ನಿಲ್ಲಿಸು, ತಲೆಯ ಮೇಲೆ ಒಂದು ಕಡಿಮೆ ಮಾಡು. ಎರಡು ಪದ ಕೂಡಿಕೊಂಡಿದ್ದರೆ ಅವರವರದು ಅವರವರಿಗೆ ಮಾಡಿ, ಆಮೇಲೆ ಕೂಡಿಸು. ಇಲ್ಲಿಯತನಕ ಎಲ್ಲ ಛಲೋ. ನಾಲ್ಕನೆಯದು ಬಂತೆಂದರೆ ಎತ್ತು ಏರಿಗೆ, ಕೋಣ ನೀರಿಗೆ! ಎರಡು ಪದ ಒಂದಕ್ಕೊಂದು ಗುಣಿಸಿಕೊಂಡು ನಿಂತಾಗ, ಮೊದಲನೆಯದನ್ನು ಇದ್ದ ಹಾಗೆ ಇಟ್ಟು ಎರಡನೆಯದರ ಡೆರಿವೇಟಿವ್ ತೆಗೆಯಬೇಕು, ಎರಡನೆಯದನ್ನು ಇದ್ದ ಹಾಗೆ ಇಟ್ಟು ಮೊದಲನೆಯದರದು ತೆಗೆಯಬೇಕು, ಎರಡನ್ನೂ ಕೂಡಿಸಬೇಕು. ಇಷ್ಟು ತಾಳ್ಮೆ ಯಾರಿಗಿದೆ? ಎರಡರದನ್ನೂ ಒಮ್ಮೆಲೇ ತೆಗೆದು, ಗುಣಿಸಿ, ಕೈ ತೊಳೆದುಕೊಳ್ಳುತ್ತಾರೆ.

ಈ ವಿದ್ಯೆಯನ್ನು ಮೊದಲು ಕಂಡವನು ತಾನೆಂದು ಇಂಗ್ಲಂಡದವನೊಬ್ಬ, ಜರ್ಮನಿಯವನೊಬ್ಬ ಮುಪ್ಪಿನತನಕ ಜಗಳಾಡಿದರು. ಆ ಜರ್ಮನಿಯವನೂ ಮೊದಮೊದಲು ಇದೇ ತಪ್ಪು ಮಾಡಿದ್ದನೆಂದು ಎಲ್ಲೋ ಓದಿದ್ದೆ. ಓದಿದ ದಿನ ಬಹಳ ಸಮಾಧಾನವಾಗಿತ್ತು. ಮರುದಿನ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಬಂದು ಕೂತಿತು, ಸಮಾಧಾನ ಎದ್ದು ಹೋಯಿತು. ಮೊದಲೆಲ್ಲ ಆ ನಿಯಮ ಏಕೆ ಹಾಗೆ ಎಂದು ತಿಳಿಸಿ ಹೇಳುತ್ತಿದ್ದೆ. ಬರಬರುತ್ತ "ಬಾಯಿಪಾಠ ಮಾಡ್ರಿ" ಎಂದು ಮುಗಿಸತೊಡಗಿದೆ.

ಹೊರಗೆ ಹತ್ತಿದ ಚಟ ಮನೆಗೂ ಬಂತು. ನೀಲಾ ನಮ್ಮ ಒಬ್ಬಳೇ ಮಗಳು. ಇಂಟರ್ ಪರೀಕ್ಷೆಯಲ್ಲಿ ಉಳಿದದ್ದೆಲ್ಲ ಪಾಸಾಗಿ ಗಣಿತದಲ್ಲಿ ಗೋತಾ ಹೊಡೆದಳು. ಗಣಿತದ ಮಾಸ್ತರನ ಮಗಳು! ನಮ್ಮ ಓಣಿಯವರಿಗೆ ನಗಲಿಕ್ಕೆ ಅಷ್ಟು ಸಾಕಾಯಿತು. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂತು. ಅರಳೆ ವ್ಯಾಪಾರದ ಮನೆ, ಒಳ್ಳೆಯ ಜನ, ಆದರೆ ಸೊಸೆ ಮುಂದೆ ಓದುವುದು ಬೇಡ ಅಂದರು. ನೀಲಾಗೆ ಪುಣೆಗೆ ಹೋಗಿ ಬಿ.ಎಸ್ಸಿ. ಓದುವ ಹಟ. ತಾಯಿ ಮಗಳ ವಾದ ಕೇಳಿ ಕೇಳಿ ಬೇಸತ್ತು ನಾನು ತೀರ್ಪು ಕೊಟ್ಟೆ: "ಮತ್ತ ಪರೀಕ್ಷಾ ಕಟ್ಟು. ಪಾಸಾದ್ರ ಪುಣೆ, ಇಲ್ಲಂದ್ರ ಹುಬ್ಬಳ್ಳಿ." ದೊಡ್ಡ ನ್ಯಾಯ ಮಾಡಿದೆನೆಂದು ಆಗ ಅನಿಸಿತ್ತು. ಖರೇ ಹೇಳಬೇಕೆಂದರೆ ಅದು ಆಲಸ್ಯ.

ಅಂದಿನಿಂದ ಅವಳು ದಿನಾ ಸಂಜೆ ಪುಸ್ತಕ ಹಿಡಿದು ಬರುತ್ತಿದ್ದಳು. "ಅಪ್ಪಾ, ಎರಡೂ ಬದಲಾಗಾಕತ್ತಾವ ಅಂದಮ್ಯಾಲೆ ಒಂದನ್ನ ಯಾಕ ಸುಮ್ಮನ ನಿಲ್ಲಸೂದು?"

"ಯಾಕ ಅನ್ನಬ್ಯಾಡವಾ. ಬಾಯಿಪಾಠ ಮಾಡು."

ಇಡೀ ದಿನ ಊರ ಮಕ್ಕಳಿಗೆ ಹೇಳಿ ಬಂದವನಿಗೆ ಮನೆಯ ಮಗಳ ಮುಂದೆ ಬಾಯಿ ಬರುತ್ತಿರಲಿಲ್ಲ.

ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಒಂದು ರವಿವಾರ ಮಧ್ಯಾಹ್ನ ನಾನು ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಹೆಂಡತಿ ಗೌರವ್ವ ನೆಲದ ಮೇಲೆ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ಪದರು ಸೇರಿಸಿ ನೀಲಾ ಸಣ್ಣವಳಿದ್ದಾಗ ಹೊಲಿದದ್ದು. ಈಗ ಹೊದ್ದರೆ ಕಾಲು ಹೊರಗೆ ಬರುತ್ತಿದ್ದವು. ಅದಕ್ಕೇ ಗೌರವ್ವ ಕಾಲ ಕಡೆಗೊಂದು ಪಟ್ಟಿ, ಬಾಜೂಕ್ಕೊಂದು ಪಟ್ಟಿ ಹಚ್ಚಿ ದೊಡ್ಡದು ಮಾಡುತ್ತಿದ್ದಳು. ನೀಲಾ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ಒಮ್ಮೆಲೇ ಚೀರಿದಳು.

"ಅಪ್ಪಾ, ಏಳ್ರಿ! ಕೌದಿ ಅಂದ್ರ ಉದ್ದಕ್ಕ ಅಗಲ ಗುಣಿಸಿದ್ದು. ಕಾಲಕಡೆ ಪಟ್ಟಿ ಹಚ್ಚಿದಾಗ ಅಗಲ ಇದ್ದಂಗ ಇತ್ತು, ಉದ್ದ ಅಷ್ಟ ಬೆಳೀತು. ಬಾಜೂಕ ಹಚ್ಚಿದಾಗ ಉದ್ದ ಇದ್ದಂಗ ಇತ್ತು, ಅಗಲ ಬೆಳೀತು. ಎರಡೂ ಪಟ್ಟಿ ಕೂಡಿಸಿದ್ರ ಕೌದಿ ಎಷ್ಟು ಬೆಳೀತು ಅನ್ನೂದು ಬಂತು. ಇದ ಅಲ್ಲೇನ್ರಿ ಆ ನಿಯಮ?"

ನಾನು ಎದ್ದು ಕೂತೆ. ಎರಡು ಪಟ್ಟಿಗಳು ಸೇರಬೇಕಾದ ಕಡೆ, ಮೂಲೆಯಲ್ಲಿ, ಅಂಗೈಯಷ್ಟು ಚೌಕ ಖಾಲಿ ಉಳಿದಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು. "ಬೆಳೆದ ಉದ್ದಕ್ಕ ಬೆಳೆದ ಅಗಲ ಗುಣಿಸಿದ್ರ ಬರೂದು ಈ ಮೂಲಿ ಒಂದ! ಇಷ್ಟು ದಿನಾ ನಾ ಪಟ್ಟಿ ಎರಡೂ ಬಿಟ್ಟು ಇದನ್ನ ಅಷ್ಟ ಬರದು ಬರ್ತಿದ್ನಿ ನೋಡ್ರಿ."

ಹತ್ತೊಂಬತ್ತು ವರ್ಷ ಆ ತಪ್ಪಿನ ಮೇಲೆ ಕೆಂಪು ಗೆರೆ ಎಳೆದವನಿಗೆ, ಅದು ಎಲ್ಲಿಂದ ಬರುತ್ತದೆ ಎಂದು ಇಷ್ಟು ಚೆಂದ ಎಂದೂ ಹೊಳೆದಿರಲಿಲ್ಲ. ಶಾಭಾಸ್ ಅನ್ನುವಷ್ಟರಲ್ಲಿ ಅವಳೇ ಕೇಳಿದಳು: "ಹಂಗಾದ್ರ ನಿಯಮದಾಗ ಈ ಮೂಲಿ ಎಲ್ಲಿ ಹೋತ್ರಿ?"

"ಪಟ್ಟಿ ಕೂದಲೆಳಿಯಷ್ಟು ಸಣ್ಣದಾಗ್ತ ಹೋದಂಗ ಮೂಲಿ ಅದಕಿಂತ ಲಗೂನ ಸಣ್ಣದಾಗ್ತದವಾ. ಇದ್ದೂ ಇಲ್ಲದಂಗ, ಲೆಕ್ಕಕ್ಕ ಬರೂದಿಲ್ಲ. ಅದನ್ನ ಬಿಟ್ಟುಬಿಡು."

ಗೌರವ್ವ ತಲೆ ಎತ್ತಿದಳು. "ಬಿಡೂದಂದ್ರ ಹೆಂಗ್ರಿ? ಮೂಲಿ ಇಲ್ಲದ ಕೌದಿ ಯಾರು ಹೊಚ್ಚಿಗೋತಾರ?"

ಎದ್ದು ಹೋಗಿ ಒಂದು ಚೂರು ಜೋಳದ ರೊಟ್ಟಿ ತಂದಳು. ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದಿಷ್ಟು ರೊಟ್ಟಿ ಇಟ್ಟು ಹೊಲಿಯುವುದು ಅವಳ ತವರಿನ ಪದ್ಧತಿ. ಕೌದಿ ಹಸಿದಿರಬಾರದಂತೆ, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ರೊಟ್ಟಿಯ ಮೇಲೆ ಬಟ್ಟೆಯ ತುಂಡು ಹೊಚ್ಚಿ ಹೊಲಿಯುತ್ತ, ನನ್ನ ಕಡೆ ನೋಡದೆ ಅಂದಳು: "ನಿಮ್ಮ ಗಣಿತದಾಗ ಬಿಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇಷ್ಟು ದಿನಾ ಈಕಿ ಪುಸ್ತಕ ಹಿಡಕೊಂಡು ಬಂದು ಬಂದು ಹೋದ್ಲು. ಈಕೀನೂ ಬಿಟ್ಟು ಕುಂತ್ರಿ."

ನನಗೆ ನಾಚಿಕೆಯಾಯಿತು. ಪಾಸಾದರೆ, ಇಲ್ಲದಿದ್ದರೆ ಎಂದು ಮಗಳ ಬಾಳಿಗೆ ಷರತ್ತು ಹಾಕಿದವನು, ಅವಳು ಪಾಸಾಗಲಿಕ್ಕೆ ಒಂದು ಸಂಜೆಯನ್ನೂ ಕೊಟ್ಟಿರಲಿಲ್ಲ. ಅವತ್ತೇ ಹುಬ್ಬಳ್ಳಿಗೆ ಕಾಗದ ಬರೆದೆ: ಈ ಸಲ ಏನೇ ಆಗಲಿ, ಹುಡುಗಿ ಮುಂದೆ ಓದುತ್ತಾಳೆ, ತಾವು ದಯಮಾಡಿ ಬೇರೆ ಕಡೆ ನೋಡಬೇಕು. ಮರುದಿನದಿಂದ ಸಂಜೆ ಪುಸ್ತಕ ನಾನೇ ತೆಗೆದೆ. ದಣಿವೇನೂ ಕಡಿಮೆಯಾಗಲಿಲ್ಲ. ಎಷ್ಟೋ ಸಲ ನಾನು ತೂಕಡಿಸುತ್ತಿದ್ದೆ, ಅವಳು ಬೆರಳಿನಿಂದ ತಿವಿದು ಎಬ್ಬಿಸುತ್ತಿದ್ದಳು.

ಪಾಸಾದಳು. ದೊಡ್ಡ ಅಂಕವೇನಲ್ಲ, ದಡ ಮುಟ್ಟುವಷ್ಟು. ಜೂನಿನಲ್ಲಿ ಕೌದಿ ಸುತ್ತಿಕೊಂಡು ಪುಣೆಯ ಗಾಡಿ ಹತ್ತಿದಳು.

ಮೊನ್ನೆ ಅವಳ ಕಾಗದ ಬಂತು. ಗೌರವ್ವನಿಗೆ ಓದಿ ಹೇಳಿದೆ. "ಅಪ್ಪಾ, ಹಾಸ್ಟೆಲ್ಲಿನ ಇರುವೆಗಳು ಸಾಲು ಹಿಡಿದು ಬಂದು, ಇಷ್ಟು ದೊಡ್ಡ ಕೌದಿಯಲ್ಲಿ ಆ ಮೂಲೆಯನ್ನೇ ಹುಡುಕಿ ತೆಗೆದವು. ರೊಟ್ಟಿಯ ಒಂದು ಕಣವೂ ಉಳಿದಿಲ್ಲ. ನೀವು ಲೆಕ್ಕಕ್ಕೆ ಬಾರದ ಮೂಲೆ ಅಂದಿದ್ದಿರಿ, ಅವಕ್ಕೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ."

ನನಗೆ ನಗು ಬಂತು. ಗೌರವ್ವ ನಗಲಿಲ್ಲ. "ಅಯ್ಯ ಶಿವನ! ಕೌದಿ ಹಸಿದು ಕುಂತದ. ಹುಡುಗಿ ದೀಪಾವಳಿ ಸೂಟಿಗೆ ಬಂದಾಗ ಮೂಲಿ ಬಿಚ್ಚಿ ಮತ್ತ ರೊಟ್ಟಿ ಇಡಬೇಕು."

ನಾಳೆ ಹೊಸ ತರಗತಿಗೆ ನಾಲ್ಕನೆಯ ನಿಯಮ. ಇಪ್ಪತ್ತನೆಯ ಸಲ. ಕೋಟು ಗೂಟಕ್ಕೆ ಹಾಕಿ ಕೂತು, ದೀಪಾವಳಿಗೆ ಇನ್ನೆಷ್ಟು ದಿನ ಎಂದು ಎಣಿಸಿದೆ. ಆಮೇಲೆ ಗೌರವ್ವನಿಗೆ ಅಂದೆ: "ನೀ ರೊಟ್ಟಿ ಮಾಡಿಡು. ಮೂಲಿ ನಾ ಹೊಲೀತೇನಿ."